ಬಳಪ ಹಿಡಿಯುವ ಕೈ

ಅಕ್ಷರವು ಕಾಗೆಯ ಕಾಲು ಗುಬ್ಬಿಯ ಕಾಲಾದರೆ ಬೆರಳ ಗೆಣ್ಣಿನ ಮೇಲೆ ಕೋಲಿನಿಂದ ಒಂದು ಪೆಟ್ಟು ಕೊಡುವುದು ಕನ್ನಡ ಶಾಲೆಗಳಲ್ಲಿ ಬಹುಕಾಲ ನಡೆದುಬಂದ ಚಿಕಿತ್ಸೆಯಾಗಿತ್ತು. ಪೆಟ್ಟು ತಿಂದು ಊದಿಕೊಂಡ ಬೆರಳು ಮೊದಲಿಗಿಂತ ದುಂಡಾಗಿ ಬರೆದೀತೆಂಬುದು ಯಾವ ತರ್ಕವೋ! ಕೇಳಿದುದಕ್ಕೆಲ್ಲ ಬಾಯಲ್ಲಿ ಥಟ್ಟನೆ ಉತ್ತರ ಹೇಳುವ ಹುಡುಗನು ಹಾಳೆಯ ಮುಂದೆ ಕುಳಿತೊಡನೆ ಬೆವರುತ್ತಾನೆ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ಇಂಥವನಿಗೆ ಸೋಮಾರಿಯೆಂಬ ಬಿರುದು ಸಲ್ಲುವುದುಂಟು. ಬಿರುದು ಒಮ್ಮೆ ಅಂಟಿತೆಂದರೆ ತಾಯಿತಂದೆಗಳೂ ಅದನ್ನೇ ನಂಬುವರು. ಕಡೆಗೆ ಹುಡುಗನೂ ನಂಬುವನು.

ಕನ್ನಡ ಲಿಪಿಯು ನೋಡುವುದಕ್ಕೆ ಮುತ್ತಿನಂತಿದ್ದರೂ ಎಳೆಯ ಕೈಗೆ ಸುಲಭವಾದುದಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಸಕಾರಕ್ಕೆ ಗುಡಿಸು, ಪಕ್ಕದಲ್ಲಿ ದೀರ್ಘ, ಸಾಲದುದಕ್ಕೆ ಎರಡು ಒತ್ತು! ಗೆರೆಯ ಕೆಳಗೆ ಎಡೆಯಿಲ್ಲದಿದ್ದರೆ ಒತ್ತು ಮುಂದಿನ ಸಾಲಿನ ತಲೆಕಟ್ಟನ್ನು ಏರಿ ಕುಳಿತುಕೊಳ್ಳುತ್ತದೆ. ಸಾಲುಗಳ ನಡುವಣ ಅಂತರವನ್ನು ಹೆಚ್ಚಿಸಿ, ಒತ್ತಿಗೆಂದು ಬೇರೆ ಬಣ್ಣದ ಗೆರೆಯೊಂದನ್ನು ಎಳೆದುಕೊಟ್ಟರೆ ಈ ಗೊಂದಲವು ಬಹುಮಟ್ಟಿಗೆ ತಗ್ಗುವುದು.

ಆಕ್ಯುಪೇಷನಲ್ ಥೆರಪಿಯೆಂಬ ಶಾಸ್ತ್ರದ ಶಿಕ್ಷಣವನ್ನು ಭಾರತದಲ್ಲಿ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರು ಆರಂಭಿಸಿದರು. ಅಕ್ಷರವನ್ನು ನೋಡುವುದಕ್ಕೆ ಮುಂಚೆ ಈ ಶಾಸ್ತ್ರವು ಹುಡುಗನು ಕುಳಿತ ಬಗೆಯನ್ನು ನೋಡುತ್ತದೆ. ಪಾದಗಳು ನೆಲಕ್ಕೆ ತಾಗಿವೆಯೆ? ಭುಜವು ನೆಲೆಯಾಗಿ ನಿಂತಿದೆಯೆ? ಅದು ಅಲುಗಾಡಿದರೆ ಬೆರಳು ಏನು ಮಾಡೀತು? ಹಿಂದೆ ಗುಮಾಸ್ತರ ಮುಂದಿರುತ್ತಿದ್ದಂಥ ಇಳಿಜಾರು ಮೇಜು ಮಣಿಕಟ್ಟಿಗೆ ಅನುಕೂಲ. ಉದ್ದನೆಯ ಬಳಪವನ್ನು ಮುಷ್ಟಿಯಲ್ಲಿ ಹಿಡಿಯುವ ಮಗುವಿಗೆ ಅಂಗುಲದುದ್ದದ ತುಂಡನ್ನು ಕೊಟ್ಟರೆ, ಮೂರು ಬೆರಳಿಗಲ್ಲದೆ ನಾಲ್ಕನೆಯದಕ್ಕೆ ಎಡೆಯಿರದು. ಹಿಡಿತವು ತಾನಾಗಿ ತಿದ್ದಿಕೊಳ್ಳುವುದು. ಇನ್ನು ಅಜ್ಜಿಯರ ಅಳಗುಳಿಮಣೆ! ಹುಣಿಸೆಬೀಜಗಳನ್ನು ಅಂಗೈಯಲ್ಲಿ ಅಡಗಿಸಿಕೊಂಡು ಹೆಬ್ಬೆರಳ ತುದಿಯಿಂದ ಒಂದೊಂದಾಗಿ ಗುಳಿಗೆ ಬಿಡುವ ಆ ಕೈಚಳಕವನ್ನೇ ಇಂದಿನ ಚಿಕಿತ್ಸಕರು ಬೆರಳಿನ ಸಾಧನೆಗೆಂದು ಬೇರೆ ಬೇರೆ ವಸ್ತುಗಳಿಂದ ಮಾಡಿಸುತ್ತಾರೆ. ಮರಳಿನಲ್ಲಿ ತಿದ್ದಿಸುವ ಹಳೆಯ ಪದ್ಧತಿಯೂ ಹುಸಿಯಲ್ಲ. 1907ರಲ್ಲಿ ರೋಮ್ ನಗರದಲ್ಲಿ 'ಮಕ್ಕಳ ಮನೆ'ಯನ್ನು ತೆರೆದ ಮರಿಯಾ ಮಾಂಟೆಸೊರಿಯವರು ಉಪ್ಪುಕಾಗದದ ಅಕ್ಷರಗಳನ್ನು ಮಕ್ಕಳ ಬೆರಳಿನಿಂದ ಸವರಿಸಿದುದೂ ಸ್ಪರ್ಶದ ಮೂಲಕ ಕೈಗೆ ಆಕಾರವನ್ನು ಕಲಿಸುವುದಕ್ಕಾಗಿಯೇ. ಆದರೆ ಸವರುವ ದಿಕ್ಕು ತಪ್ಪಿದರೆ ತಪ್ಪೇ ರೂಢಿಯಾಗುವುದರಿಂದ ಹಿರಿಯರೊಬ್ಬರು ಪಕ್ಕದಲ್ಲಿರಬೇಕು.

ಇಷ್ಟೆಲ್ಲ ಮಾಡಿದರೂ ಕೆಲವರ ಕೈಗೆ ಬರಹವು ಒಗ್ಗದು. ಇಂಥ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕಲಿಕೆಯ ನ್ಯೂನತೆಗಳಲ್ಲಿ ಸೇರಿಸಿದೆ. ತಕ್ಕ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲವನ್ನಾಗಲಿ, ಹೇಳಿದುದನ್ನು ಬರೆದುಕೊಡುವ ಲಿಪಿಕಾರರನ್ನಾಗಲಿ ಕೇಳಬಹುದು. ತಪಾಸಣೆಗೂ ಅರ್ಜಿಗೂ ದಿನಗಳು ಹಿಡಿಯುವುದರಿಂದ, ಪರೀಕ್ಷೆಯು ಬಾಗಿಲಿಗೆ ಬಂದಮೇಲೆ ಓಡಾಡುವುದಕ್ಕಿಂತ ಶಾಲೆಯ ವರ್ಷದ ಮೊದಲಲ್ಲಿಯೇ ಹೊರಡುವುದು ಲೇಸು.