ಹಿಂದಿನ ಸೀಟು

ಹಳಗನ್ನಡ ಪಾಠ ಹೇಳುವವನಿಗೆ ಮೋಟಾರಿನ ಹುಚ್ಚು ಇರಕೂಡದೆಂದು ಯಾವ ವಿಶ್ವವಿದ್ಯಾನಿಲಯದ ನಿಯಮಾವಳಿಯಲ್ಲೂ ಬರೆದಿಲ್ಲ. ಆದರೂ ನನ್ನ ಸಹೋದ್ಯೋಗಿಗಳಿಗೆ ಅದೊಂದು ಅಪರಾಧದಂತೆ ಕಂಡಿದೆ. ಬೆಳಿಗ್ಗೆ ಪಂಪನ ಪದ್ಯಕ್ಕೆ ಅನ್ವಯ ಹೇಳಿದ ಬಾಯಿ ಸಂಜೆ ಕಾರ್ಬುರೇಟರಿನ ಮಾತಾಡಿದರೆ ಅವರಿಗೆ ಏನೋ ಮೈಲಿಗೆಯಾದ ಹಾಗೆ.

ಈ ಹುಚ್ಚು ಹಿಡಿದದ್ದು ಆರನೆಯ ವಯಸ್ಸಿನಲ್ಲಿ, ಹಾಸನದಲ್ಲಿ. ನಮ್ಮ ಬೀದಿಯ ಡಾಕ್ಟರೊಬ್ಬರು ಬಿಳಿಯ ಡಾಲ್ಫಿನ್ ಕಾರು ಇಟ್ಟಿದ್ದರು. ಅಂಬಾಸಿಡರುಗಳು ಹುಲ್ಲು ಹೇರಿದ ಗಾಡಿಯಂತೆ ಓಲಾಡುತ್ತ ಹೋಗುವ ತಿರುವಿನಲ್ಲಿ ಅದು ಅಳಿಲಿನಂತೆ ಸರ್ರನೆ ತಿರುಗಿ ಮಾಯವಾಗುತ್ತಿತ್ತು. ನನ್ನ ಮನಸ್ಸೂ ಅದರ ಹಿಂದೆಯೇ ಹೋಯಿತು, ಇನ್ನೂ ಹಿಂದಿರುಗಿಲ್ಲ.

ಡಾಲ್ಫಿನ್ ಎಂದರೆ ಈಗಿನವರಿಗೆ ಕಡಲಿನ ಪ್ರಾಣಿಯೊಂದೇ ನೆನಪಾದೀತು. ಈ ಡಾಲ್ಫಿನ್ ನಮ್ಮ ಬೆಂಗಳೂರಿನ ಕೂಸು. 1982ರಲ್ಲಿ ಸಿಪಾನಿ ಕಂಪೆನಿಯವರು ಹೊರತಂದದ್ದು. ಮೂಲ ಇಂಗ್ಲೆಂಡಿನದು, ಅಲ್ಲಿ ಅದರ ಹೆಸರು ರಿಲಯಂಟ್ ಕಿಟನ್, ಎಂದರೆ ಬೆಕ್ಕಿನ ಮರಿ. ಬೆಕ್ಕಿನ ಮರಿ ಕಡಲು ದಾಟುವಾಗ ಡಾಲ್ಫಿನ್ ಆಯಿತೆಂದು ತರಗತಿಯಲ್ಲಿ ತತ್ಸಮ ತದ್ಭವ ಹೇಳುವಾಗ ನಾನು ಉದಾಹರಣೆ ಕೊಡುವುದುಂಟು. ಹುಡುಗರು ನಗುವುದಿಲ್ಲ, ಅದು ಬೇರೆ ಮಾತು. ಎರಡೇ ಬಾಗಿಲು, ಉಕ್ಕಿನ ಚೌಕಟ್ಟಿನ ಮೇಲೆ ಫೈಬರ್ ಗ್ಲಾಸಿನ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು, ಶಕ್ತಿ ಹೋಗುವುದು ಹಿಂದಿನ ಗಾಲಿಗಳಿಗೆ. ತೂಕ ಅಂಬಾಸಿಡರಿನ ಅರ್ಧದಷ್ಟು.

ಇದನ್ನು ಸ್ಪೋರ್ಟ್ಸ್ ಕಾರು ಎಂದರೆ ನಗುವವರಿದ್ದಾರೆ. ನಗಲಿ. 1962ರಲ್ಲಿ ಬಂದ ಲೋಟಸ್ ಇಲಾನ್ ಲೋಕಪ್ರಸಿದ್ಧ ಸ್ಪೋರ್ಟ್ಸ್ ಕಾರಷ್ಟೆ. ಅದಕ್ಕೂ ಉಕ್ಕಿನ ಬೆನ್ನೆಲುಬು, ಫೈಬರ್ ಗ್ಲಾಸಿನ ಮೈ, ಹಿಂದಿನ ಗಾಲಿಗೇ ಶಕ್ತಿ. ಆ ಕಂಪೆನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ ಜೀವಮಾನವೆಲ್ಲ ಜಪಿಸಿದ ಮಂತ್ರ ಒಂದೇ: ತೂಕ ಇಳಿಸು. ಮದರಾಸಿನ ಬಳಿ ಶೋಳವರಂನ ಹಳೆಯ ವಿಮಾನದಾರಿಯಲ್ಲಿ ಎಂಬತ್ತರ ದಶಕದಲ್ಲಿ ನಡೆದ ಪಂದ್ಯಗಳಲ್ಲಿ ನಮ್ಮ ಡಾಲ್ಫಿನ್ನೂ ಓಡಿದ್ದುಂಟು. ಆದರೇನು, 1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಅದಕ್ಕೆ ನಾಲ್ಕು ಬಾಗಿಲು. ಗೃಹಸ್ಥರೆಲ್ಲ ಅತ್ತ ನಡೆದರು.

2006ರಲ್ಲಿ, ಮೈಸೂರಿನಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ, 22,000 ರೂಪಾಯಿ ಕೊಟ್ಟು 1984ರ ಡಾಲ್ಫಿನ್ ಒಂದನ್ನು ಕೊಂಡೆ. ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಬಂದು, “ಇದರಲ್ಲಿ ಹತ್ತುವುದೋ, ಇಳಿಯುವುದೋ?” ಎಂದರು. ನಿವೃತ್ತ ಹೆಡ್‌ಮಾಸ್ತರು, ಹೊಗಳುವ ಅಭ್ಯಾಸವಿಲ್ಲ. ಅಮ್ಮ ಮಾತ್ರ ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, “ಮೊದಲು ಮೇಲುಕೋಟೆಗೆ ಹೋಗೋಣ ಕಣೋ” ಎಂದಳು.

ನಾನು ಮೊದಲು ಹೋದದ್ದು ಬೆಂಗಳೂರಿನ ಜೆ.ಸಿ. ರಸ್ತೆಗೆ, ಬಿಡಿಭಾಗ ಹುಡುಕಿಕೊಂಡು. ಆಮೇಲಿನ ಐದು ವರ್ಷ ನನ್ನ ಭಾನುವಾರಗಳೆಲ್ಲ ಕಾರಿನ ಕೆಳಗೆ ಕಳೆದವು. ದೊಡ್ಡ ಕಾರ್ಬುರೇಟರು ಬಂತು. ಸೈಲೆನ್ಸರು ಹೋಗಿ ಬರಿಯ ಕೊಳವೆ ಬಂತು. ಮುಂದಿನ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದೆ. ಹಿಂದಿನ ಕಮಾನಿನ ಒಂದು ಪ್ಲೇಟು ಕಳಚಿದೆ. ಕಾರು ನೆಲಕ್ಕೆ ಕಿವಿಗೊಟ್ಟಂತೆ ತಗ್ಗಿತು. ಕೊನೆಗೆ ಚಾಪ್‌ಮನ್ನನ ಮಂತ್ರ ನೆನೆದು ಹಿಂದಿನ ಸೀಟನ್ನೇ ಕಿತ್ತು ಅಟ್ಟಕ್ಕೆ ಹಾಕಿದೆ. 2009ರಲ್ಲಿ ನೋಂದಣಿ ನವೀಕರಿಸಬೇಕಾಗಿ ಬಂತು. ಕಾಗದದಲ್ಲಿ ನಾಲ್ಕು ಆಸನವೆಂದಿದ್ದರೆ ಕಾರಿನಲ್ಲೂ ನಾಲ್ಕೇ ಇರಬೇಕಷ್ಟೆ. ಸೀಟನ್ನು ಅಟ್ಟದಿಂದ ಇಳಿಸಿ ಎರಡು ಬೋಲ್ಟು ಹಾಕಿ ಕೂರಿಸಿದೆ, ಸೈಲೆನ್ಸರನ್ನೂ ಕಟ್ಟಿದೆ; ಇನ್‌ಸ್ಪೆಕ್ಟರು ನೋಡಿ ಸಹಿ ಹಾಕಿದರು. ಸಂಜೆಗೆ ಎರಡೂ ಮತ್ತೆ ಅಟ್ಟಕ್ಕೆ. ಅಮ್ಮ ಏಣಿ ಹಿಡಿದುಕೊಂಡಿದ್ದಳು. “ಇವತ್ತೊಂದು ದಿನ ಇರಲಿ ಅಂದರೆ ಕೇಳೋಲ್ಲವಲ್ಲ” ಎಂದಳು. ನಾಳೆ ಎಂದೆ.

2011ರಲ್ಲಿ ಹೆಡ್ಡನ್ನು ಸವೆಸುವ ಯೋಚನೆ ಬಂತು. ಎಂಜಿನ್ನಿನ ತಲೆಯ ತಳವನ್ನು ಒಂದಿಷ್ಟು ಉಜ್ಜಿ ತೆಗೆದರೆ ಒಳಗಿನ ಜಾಗ ಕಿರಿದಾಗುತ್ತದೆ. ಗಾಳಿ ಪೆಟ್ರೋಲುಗಳು ಹೆಚ್ಚು ಒತ್ತಿಕೊಂಡು, ಹೆಚ್ಚು ಬಿರುಸಾಗಿ ಉರಿಯುತ್ತವೆ. ಅತಿಯಾದರೆ ಹೊತ್ತಿಗೆ ಮೊದಲೇ ಉರಿದು ಕಟಕಟ ಬಡಿಯತೊಡಗುತ್ತದೆ, ಶಾಖ ಏರುತ್ತದೆ. ಮೆಕ್ಯಾನಿಕ್ಕು, “ಇನ್ನು ಸಾಕು ಮೇಷ್ಟ್ರೆ, ಇದು ಅಲ್ಯೂಮಿನಿಯಂ” ಎಂದ. ಇನ್ನೂ ಒಂದು ಎಳೆ ತೆಗೆ ಎಂದವನು ನಾನೇ. ಹದಿನೈದು ದಿನ ಕಾರು ಹಾರಿತು. ಆ ಹುರುಪಿನಲ್ಲಿ, ಹೊರಡಿ ಮೇಲುಕೋಟೆಗೆ, ಎಂದೆ. ಅಮ್ಮ ಹಿಂದಿನ ದಿನವೇ ಬುತ್ತಿಗೆ ಪುಳಿಯೋಗರೆ ಗೊಜ್ಜು ಕುದಿಸಿದಳು. ಮೇಲುಕೋಟೆಗೆ ಪುಳಿಯೋಗರೆ ಒಯ್ಯುವುದುಂಟೇ ಎಂದು ಅಪ್ಪ ಗೊಣಗಿದರು. ಬೆಳಿಗ್ಗೆ ಹೊರಡುವಾಗ ಸೀಟು ಅಟ್ಟದಲ್ಲಿತ್ತು. ಬೋಲ್ಟು ಎಲ್ಲೋ ಕಳೆದಿದ್ದವು. “ನೀವಿಬ್ಬರು ಹೋಗಿಬನ್ನಿ, ನಾನು ಮುಂದಿನ ಸಲ ಬರುತ್ತೇನೆ” ಎಂದು ಅಮ್ಮ ಡಬ್ಬಿಯನ್ನು ಅಪ್ಪನ ತೊಡೆಯ ಮೇಲಿಟ್ಟಳು.

ಪಾಂಡವಪುರ ದಾಟುವಾಗಲೇ ಕಟಕಟ ಸದ್ದು ಕೇಳಿತು, ಕೇಳದವನಂತೆ ಬಿಟ್ಟೆ. ಜಕ್ಕನಹಳ್ಳಿಯಿಂದಾಚೆ ಬೆಟ್ಟದ ಏರಿನಲ್ಲಿ ಶಾಖದ ಮುಳ್ಳು ಕೆಂಪಿಗೆ ಹೋಯಿತು. ಬಿಳಿಯ ಹೊಗೆ ಎದ್ದಿತು. ಕಡ್ಡಿ ಎಳೆದು ನೋಡಿದರೆ ಎಂಜಿನ್ ಆಯಿಲು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದೆ: ಗ್ಯಾಸ್ಕೆಟ್ಟು ಸುಟ್ಟು ನೀರು ಒಳಗೆ ಸೇರಿತ್ತು. ಅಪ್ಪ ಮೋರಿಯ ಕಟ್ಟೆಯ ಮೇಲೆ ಡಬ್ಬಿ ಹಿಡಿದು ಕುಳಿತರು.

“ಇದಕ್ಕೆ ಏನೇನು ಸೇರಿಸಿದ್ದೀಯೆ?”

“ಸೇರಿಸಿದ್ದು ಕಡಿಮೆ ಅಪ್ಪ, ತೆಗೆದದ್ದೇ ಹೆಚ್ಚು.”

“ಹೂಂ. ನಿಮ್ಮಮ್ಮನನ್ನೂ ತೆಗೆದೆ.”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಹಾಜರಿ ಪುಸ್ತಕ ಓದಿದ ಹಾಗಿತ್ತು. ಲಾರಿಯೊಂದಕ್ಕೆ ಹಗ್ಗ ಕಟ್ಟಿ ಕಾರನ್ನು ವಾಪಸು ಎಳೆಸಿಕೊಂಡು ಬಂದೆವು. ಚೆಲುವನಾರಾಯಣನ ದರ್ಶನ ಅವರಿಗೂ ಆಗಲಿಲ್ಲ.

ಮುಂದಿನ ವರ್ಷ, 2012ರ ಆಷಾಢದಲ್ಲಿ, ಅಮ್ಮ ಹೋದಳು. ಹನ್ನೊಂದು ದಿನದ ಕಾಯಿಲೆ.

ಅಟ್ಟದಿಂದ ಸೀಟು ಇಳಿಸಿದಾಗ ಇಲಿಗಳು ಸ್ಪಂಜನ್ನು ತಿಂದುಹಾಕಿದ್ದವು. ತೆಂಗಿನ ನಾರು ತುಂಬಿಸಿ, ಹೊಸ ರೆಕ್ಸಿನ್ ಹೊದೆಸಿದೆ. ಸ್ಪ್ರಿಂಗು, ಪ್ಲೇಟು, ಸೈಲೆನ್ಸರು ಎಲ್ಲ ಮೊದಲಿನಂತಾದವು. ಹೆಡ್ಡನ್ನು ಮಾತ್ರ ಮೊದಲಿನಂತೆ ಮಾಡಲಾಗದು, ಸವೆದದ್ದು ಬೆಳೆಯುವುದಿಲ್ಲವಲ್ಲ. ಮೆಕ್ಯಾನಿಕ್ಕು ದಪ್ಪನೆಯ ಗ್ಯಾಸ್ಕೆಟ್ಟು ಹಾಕಿ ಅಂತರ ತುಂಬಿದ್ದಾನೆ. ಈಗ ಕಾರು ಐವತ್ತರ ಮೇಲೆ ಹೋಗುವುದಿಲ್ಲ, ನಾನು ಬಿಡುವುದೂ ಇಲ್ಲ.

ವರ್ಷಕ್ಕೊಮ್ಮೆ ಅಪ್ಪನೂ ನಾನೂ ಮೇಲುಕೋಟೆಗೆ ಹೋಗುತ್ತೇವೆ. ಹಣ್ಣುಕಾಯಿಯ ಚೀಲ ಹಿಂದಿನ ಸೀಟಿನಲ್ಲಿರುತ್ತದೆ. ಜಕ್ಕನಹಳ್ಳಿ ದಾಟಿ ಏರು ಹತ್ತುವಾಗ ನಾನು ಮುಳ್ಳನ್ನೇ ನೋಡುತ್ತಿರುತ್ತೇನೆ. ಆ ಮೋರಿ ಬಂದಾಗ ಅಪ್ಪ, “ಇಲ್ಲೇ ಅಲ್ಲವೇ?” ಎನ್ನುತ್ತಾರೆ. ಹೌದೆನ್ನುತ್ತೇನೆ. ಗೇರು ಬದಲಿಸುತ್ತೇನೆ.