ಕಪ್ಪತಗುಡ್ಡದ ಪ್ರದಕ್ಷಿಣೆ

ನಮ್ಮ ತಂಗಿಯ ಮನೆಯು ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಲ್ಲಿರುವದು. ಕಳೆದ ಮಾರ್ಗಶಿರದಲ್ಲಿ ನಾವು ಅಲ್ಲಿಗೆ ಹೋದಾಗ ಮನೆಯಲ್ಲಿ ಒಂದು ವಾದವು ನಡೆದಿತ್ತು. ಗುಡ್ಡದ ದಿಕ್ಕಿನಲ್ಲಿ ಅವರದೊಂದು ನಾಲ್ಕೆಕರೆಯ ಮಡ್ಡಿ ಹೊಲವುಂಟು. ಕಲ್ಲು ಒಡೆಯುವದಕ್ಕಾಗಿ ಅದನ್ನು ಕೊಳ್ಳಲು ಗಿರಾಕಿಯೊಬ್ಬನು ಬಂದಿದ್ದನು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಸೋದರಳಿಯನು ಮಾರುವದೇ ಸರಿಯೆಂದು ಹಟ ಹಿಡಿದಿದ್ದನು, ತಂಗಿಗೆ ಮನಸ್ಸಿರಲಿಲ್ಲ. ಅಟ್ಲಾಂಟಿಕ್ ಸಾಗರದಲ್ಲಿ ಜ್ವಾಲಾಮುಖಿಗಳಿಂದುಂಟಾದ ಕೆನರಿ ದ್ವೀಪಗಳಿವೆಯಷ್ಟೆ. ಅಲ್ಲಿ ಹಾಸಿಗೆ ಹೊದಿಕೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ದಿನಗಟ್ಟಲೆ ಸಂಚರಿಸುವವರ ಚಿತ್ರಗಳನ್ನು ಅವನು ನೋಡಿದ್ದನು. ಹೊಲದ ಹಣದಲ್ಲಿ ಒಂದು ಪಾಲು ಆ ಪ್ರವಾಸಕ್ಕೆಂದು ಅವನು ಆಗಲೇ ನಿಶ್ಚಯಿಸಿದ್ದನು.

“ಮಾಮಾ, ಅಲ್ಲಿ ಬೆಂಕಿ ಉಗುಳಿದ ಗುಡ್ಡ ಅದಾವು. ನಮ್ಮ ಗುಡ್ಡದಾಗ ಕಲ್ಲು ಬಿಟ್ರ ಏನೈತಿ?” ಎಂದನು.

“ಮಾರೂದು ಇದ್ದೇ ಇರತೈತಿ. ಆ ಕಲ್ಲನ್ನರ ಒಮ್ಮೆ ಸುತ್ತಿ ನೋಡೂಣು” ಎಂದೆವು. ನಮಗೂ ಕಪ್ಪತಗುಡ್ಡದ ಒಂದೇ ಮಗ್ಗುಲು ಗೊತ್ತಿತ್ತು. ತಂಗಿಯು ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಉಳ್ಳಾಗಡ್ಡಿಗಳನ್ನು ನಾಲ್ಕು ದಿನಕ್ಕೆ ಸಾಲುವಷ್ಟು ಕಟ್ಟಿಕೊಟ್ಟಳು. ಎರಡು ಸೈಕಲ್ಲು, ಎರಡು ಕಂಬಳಿ, ಒಂದು ಗಾಳಿ ಪಂಪು. ಇಷ್ಟೇ ನಮ್ಮ ಸಂಭಾರ.

ಮೊದಲನೆಯ ದಿನ ನಸುಕಿನಲ್ಲಿ ಹೊರಟು ಡಂಬಳವನ್ನು ಸೇರಿದೆವು. ದಾರಿಯ ಎರಡೂ ಕಡೆಗೆ ಎರಿಯ ಹೊಲಗಳು. ಬಿಳಿಜೋಳ, ಕಡಲೆ, ಕುಸುಬೆ. ಈ ಕಪ್ಪು ಬಯಲಿನ ನಡುವೆ ಗುಡ್ಡದ ಸಾಲು ಕಡಲೊಳಗಿನ ದ್ವೀಪಗಳಂತೆ ಎದ್ದು ಕಾಣುವದು. ಡಂಬಳದ ದೊಡ್ಡಬಸಪ್ಪನ ಗುಡಿಯು ಪ್ರೇಕ್ಷಣೀಯವಾದುದು. ಗರ್ಭಗುಡಿಯ ಹೊರಗೋಡೆಯು ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಇದೇ ಊರಿನಲ್ಲಿ ಹದಿನಾರು ಜನ ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದ್ದರೆಂದೂ ಅಲ್ಲಿ ತಾರಾದೇವಿಯ ಪೂಜೆ ನಡೆಯುತ್ತಿತ್ತೆಂದೂ 1095ರ ಶಾಸನವು ಹೇಳುವದು. ಅಲ್ಲಿಂದ ಲಕ್ಕುಂಡಿಗೆ ಹೋಗಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ಕಂಡು, ದೀಪ ಹಚ್ಚುವ ಹೊತ್ತಿಗೆ ಗದಗವನ್ನು ಮುಟ್ಟಿದೆವು. ಬಿಸಿ ಮಿರ್ಚಿ ಭಜಿಯ ಮುಂದೆ ಅಳಿಯನ ದಣಿವು ಹಾರಿಹೋಯಿತು.

ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 65 ಕಿಲೋಮೀಟರು ಈ ಗುಡ್ಡದ ಸಾಲು ಹಬ್ಬಿರುವದು. ಎರಡನೆಯ ದಿನ ಊರು ಬಿಡುವಾಗ ಅದರ ಹುಟ್ಟಿನ ಕಥೆಯನ್ನು ಅಳಿಯನಿಗೆ ಹೇಳಿದೆವು. ಭೂಗರ್ಭಶಾಸ್ತ್ರಜ್ಞರ ಮತದಂತೆ ಈ ಸಾಲಿನ ಬಂಡೆಗಳಲ್ಲಿ ಹಲವು 250 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಉಕ್ಕಿದ ಲಾವಾರಸದಿಂದಾದವುಗಳು. ಕುದಿಯುವ ರಸವು ನೀರಿನಲ್ಲಿ ಹೊರಬಿದ್ದೊಡನೆ ಮೇಲ್ಮೈ ಹೆಪ್ಪುಗಟ್ಟಿ, ಒಂದರ ಮೇಲೊಂದು ತಲೆದಿಂಬುಗಳನ್ನು ಒಟ್ಟಿದಂತೆ ಆಗುವದು. ಅಂಥ ದಿಂಬಿನಾಕಾರದ ಕಲ್ಲುಗಳು ಈ ಸೀಮೆಯಲ್ಲಿ ದೊರೆಯುತ್ತವೆ. ಕಬ್ಬಿಣದ ಪಟ್ಟೆಗಳುಳ್ಳ ಗಟ್ಟಿ ಕಲ್ಲು ಮಳೆಗಾಳಿಗೆ ಸವೆಯದೆ ಶಿಖರವಾಗಿ ಉಳಿದಿದೆ.

“ಅಂದ್ರ ಇದೂ ಬೆಂಕಿ ಉಗುಳಿದ್ದ?” ಎಂದು ಅವನು ಸೈಕಲ್ಲನ್ನು ನಿಲ್ಲಿಸಿ ಹಿಂತಿರುಗಿ ನೋಡಿದನು.

ಇದರ ಒಡಲಲ್ಲಿ ಬಂಗಾರವೂ ಉಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿ, ಹೊಸೂರುಗಳ ಸುತ್ತ ಗಣಿಗಳನ್ನು ತೋಡಿ, ಕೆಲವೇ ವರ್ಷಗಳಲ್ಲಿ ಬಿಟ್ಟುಹೋದರು. ಆದರೆ ಆ ಆಸೆಯು ಹೋಗಲಿಲ್ಲ. 2015ರಲ್ಲಿ ಸರಕಾರವು ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿ, 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನರು ಧರಣಿ ಕುಳಿತರು. ಅದೇ ವರ್ಷ ಸಂರಕ್ಷಣೆಯು ಮರಳಿ ಬಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಭಾಗವು ವನ್ಯಜೀವಿಧಾಮವಾಯಿತು. ಅಳಿಯನು ಇದನ್ನು ಕೇಳಿ, “ಆದ್ರ ನಮ್ಮ ಹೊಲ ಅದರ ಹೊರಗೈತಿ, ಮಾಮಾ” ಎಂದನು. ಆ ಮಾತು ನಿಜವಾದುದರಿಂದ ನಾವು ಸುಮ್ಮನಾದೆವು.

ಮುಳಗುಂದದ ಮಾರ್ಗವಾಗಿ ಸಂಜೆಗೆ ಮಾಗಡಿಯ ಕೆರೆಯನ್ನು ತಲುಪಿದೆವು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಟಿಬೇಟ, ಮಂಗೋಲಿಯಗಳ ಕಡೆಯಿಂದ ಇಲ್ಲಿಗೆ ಬರುತ್ತವೆ. ಹಗಲೆಲ್ಲ ನೀರಿನ ಮೇಲೆ ವಿಶ್ರಮಿಸಿ, ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಮೇಯಲು ಹಾರುವವು. 2024ರಲ್ಲಿ ಈ ಕೆರೆಯು ರಾಮ್ಸಾರ್ ಪಟ್ಟಿಗೆ ಸೇರಿದೆ. ಸಾಲುಸಾಲಾಗಿ ಅವು ಕೂಗುತ್ತ ಮೇಲೆದ್ದಾಗ ನಮ್ಮಿಬ್ಬರಿಗೂ ಮಾತು ನಿಂತಿತು. ಆ ರಾತ್ರಿ ಪರಿಚಿತರೊಬ್ಬರ ಪಡಸಾಲೆಯಲ್ಲಿ ಕಂಬಳಿ ಹಾಸಿದೆವು.

ಮೂರನೆಯ ದಿನವೇ ಕಠಿಣವಾದುದು. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠಕ್ಕೆ ಕೈಮುಗಿದು ಬೆಳ್ಳಟ್ಟಿಯ ಕಡೆಗೆ ಸಾಗಿದೆವು. ಮೂಡಣ ಗಾಳಿಯು ಎದುರಿಗೆ ಬೀಸುತ್ತಿತ್ತು. ಮಧ್ಯಾಹ್ನಕ್ಕೆ ಅಳಿಯನ ಗಾಲಿಗೆ ಜಾಲಿಮುಳ್ಳು ಚುಚ್ಚಿತು. ಗದಗಿನಲ್ಲಿ ಕೊಂಡ ಅಂಟು ಒಣಗಿಹೋಗಿತ್ತು. ಕುಡಿಯುವ ನೀರೂ ತೀರಿತ್ತು. ಸೈಕಲ್ಲುಗಳನ್ನು ನೂಕುತ್ತ ಬಹುದೂರ ನಡೆದೆವು. ಕೊನೆಗೆ ಹತ್ತಿ ಬಿಡಿಸುತ್ತಿದ್ದ ಹಿರಿಯಳೊಬ್ಬಳು ನಮ್ಮ ಮುಖ ನೋಡಿ, ಕೇಳುವ ಮೊದಲೇ ಕೊಡವನ್ನು ಮುಂದಿಟ್ಟಳು. ಆಮೇಲೆ ಮಜ್ಜಿಗೆಯನ್ನೂ ಕೊಟ್ಟಳು.

“ಯಾವೂರು, ತಮ್ಮಾ?”

“ಹಿರೇವಡ್ಡಟ್ಟಿ, ಯವ್ವಾ.”

“ಗುಡ್ಡದ ಆಚೀಗಿನವ್ರು. ಅಲ್ಲಿ ಮಳಿ ಹಿಡದ್ರ ನಮ್ಮ ಹಳ್ಳ ಬರತೈತಿ; ಹಳ್ಳ ಬಂದ್ರ ಈ ಬಾವಿ. ನೀವು ಕುಡದದ್ದು ಅದ ನೀರು” ಎಂದಳು.

ಅಳಿಯನು ತಂಬಿಗೆಯನ್ನು ಕೆಳಗಿಡದೆ ಬಹಳ ಹೊತ್ತು ನಿಂತಿದ್ದನು. ಮುಂದಿನ ಊರಿನಲ್ಲಿ ಟ್ಯೂಬಿಗೆ ತೇಪೆ ಹಾಕಿಸಿ, ಅಲ್ಲಿಯೇ ಉಳಿದೆವು.

ನಾಲ್ಕನೆಯ ದಿನ ಹಮ್ಮಿಗಿಯ ಬ್ಯಾರೇಜನ್ನು ನೋಡಿ ಸಿಂಗಟಾಲೂರಿನ ವೀರಭದ್ರನ ದರ್ಶನ ಮಾಡಿದೆವು. ಇಲ್ಲಿಗೆ ಗುಡ್ಡದ ಸಾಲು ಮುಗಿದು ತುಂಗಭದ್ರೆಯು ಎದುರಾಗುವದು. ಆಮೇಲೆ ಮುಂಡರಗಿಯ ಮಾರ್ಗವಾಗಿ, ದನಗಳು ಹಟ್ಟಿಗೆ ಮರಳುವ ಹೊತ್ತಿಗೆ, ಹಿರೇವಡ್ಡಟ್ಟಿಯನ್ನು ಸೇರಿದೆವು. ಮಡ್ಡಿ ಹೊಲದ ಮಗ್ಗುಲಲ್ಲಿ ಅಳಿಯನು ಇಳಿದು, ಬದುವಿನ ಕೆಳಗಿನ ಸಣ್ಣ ಸರುವನ್ನು ನೋಡಿದನು. ಮಳೆಗಾಲದಲ್ಲಿ ಅದು ಯಾರ ಹೊಲಕ್ಕೆ ಹರಿಯುವದೆಂದು ತಾಯಿಯನ್ನು ಕೇಳಿದನು. ಆಕೆಯು ಬೆರಳೆಣಿಸಿ ಐದು ಮನೆಗಳ ಹೆಸರು ಹೇಳಿದಳು.

ಮರುದಿನ ಗಿರಾಕಿಯು ಬಂದಾಗ, “ಮುಂದಿನ ಮಳಿಗಾಲ ನೋಡಿ ಹೇಳತೀವಿ” ಎಂದು ಅಳಿಯನೇ ಕಳಿಸಿದನು. ಮಾರುವದಿಲ್ಲವೆಂದು ಅವನು ಹೇಳಲಿಲ್ಲ. ಕೆನರಿ ದ್ವೀಪಗಳ ಆಸೆಯನ್ನೂ ಬಿಟ್ಟಿಲ್ಲ. ತಂಗಿಗೆ ಅಷ್ಟೇ ಸಾಕಾಗಿತ್ತು.

ಈ ಪ್ರವಾಸವನ್ನು ಕೈಕೊಳ್ಳಬಯಸುವ ವಾಚಕರು ಕಾರ್ತಿಕದಿಂದ ಪುಷ್ಯದೊಳಗೆ ಹೊರಡುವದೊಳ್ಳೆಯದು. ನೀರನ್ನು ಬೇಕೆನಿಸಿದ್ದಕ್ಕಿಂತ ಎರಡು ಪಟ್ಟು ಒಯ್ಯಬೇಕು. ಅಂಟಿನ ಹೊಸ ನಳಿಕೆಯನ್ನು ಹೊರಡುವ ಮೊದಲೇ ಒತ್ತಿ ನೋಡಬೇಕು. ವನ್ಯಜೀವಿಧಾಮದೊಳಗೆ ಹೋಗುವದಾದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ನಾವು ಸುತ್ತಿನ ರಸ್ತೆಗಳನ್ನೇ ಹಿಡಿದೆವು. ಮನೆಯ ಮಕ್ಕಳಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿರಿ.