ಹೆಸರು ಹೇಳುವ ಹಕ್ಕು

ಆಸ್ಟ್ರೇಲಿಯಾ ಖಂಡದ ದಕ್ಷಿಣಕ್ಕೆ ಟ್ಯಾಸ್ಮೇನಿಯಾ ಎಂಬ ದ್ವೀಪವಿದೆ. ಅದು ಆ ದೇಶದ ರಾಜ್ಯಗಳಲ್ಲೊಂದು. ಅದರ ರಾಜಧಾನಿ ಹೋಬಾರ್ಟ್ ನಗರದಲ್ಲಿ 1994ರಲ್ಲಿ ಜನಿಸಿದ ಗ್ರೇಸ್ ಟೇಮ್ ಎಂಬ ಹೆಣ್ಣುಮಗಳಿಗೆ 2021ರ ಜನವರಿಯಲ್ಲಿ 'ವರ್ಷದ ಆಸ್ಟ್ರೇಲಿಯನ್' ಎಂಬ ರಾಷ್ಟ್ರೀಯ ಗೌರವ ದೊರೆಯಿತು. ಆಗ ಅವರ ವಯಸ್ಸು 26. ಅವರು ಆಟದಲ್ಲಿ ಪದಕ ಗೆದ್ದವರಲ್ಲ, ಅಧಿಕಾರ ಹಿಡಿದವರಲ್ಲ. ಬಾಲ್ಯದಲ್ಲಿ ತಮಗಾದ ಲೈಂಗಿಕ ದೌರ್ಜನ್ಯವನ್ನು ತಮ್ಮದೇ ಹೆಸರಿನಲ್ಲಿ ಹೇಳುವ ಹಕ್ಕಿಗಾಗಿ ಹೋರಾಡಿ, ಅದನ್ನು ಇತರರಿಗೂ ದೊರಕಿಸಿಕೊಟ್ಟದ್ದೇ ಅವರ ಸಾಧನೆ.

ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲು ಹೋರಾಟವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಅದನ್ನು ತಿಳಿಯಲು 2010ಕ್ಕೆ ಹೋಗಬೇಕು. ಆಗ ಗ್ರೇಸ್ ಹದಿನೈದರ ಬಾಲಕಿ, ಹುಡುಗಿಯರ ಶಾಲೆಯೊಂದರ ವಿದ್ಯಾರ್ಥಿನಿ. ಉಣ್ಣುವುದನ್ನೇ ತೊರೆದು ಶರೀರ ಸೊರಗಿಹೋಗುವ ಅನೊರೆಕ್ಸಿಯಾ ಎಂಬ ವ್ಯಾಧಿಯಿಂದ ಬಳಲಿ ಆಸ್ಪತ್ರೆ ಸೇರಿದ್ದಳು. ಇದು ವ್ರತವಲ್ಲ, ಉಪವಾಸವಲ್ಲ. ಮನಸ್ಸಿನ ಸಂಕಟವು ದೇಹದ ಮೇಲೆ ತೀರಿಸಿಕೊಳ್ಳುವ ಹಗೆ. ಅಂಥ ದುರ್ಬಲ ಸ್ಥಿತಿಯಲ್ಲಿದ್ದ ಬಾಲಕಿಗೆ ಶಾಲೆಯ ಗಣಿತದ ಅಧ್ಯಾಪಕನೊಬ್ಬ ಆಸರೆಯಾಗಿ ಕಾಣಿಸಿಕೊಂಡ. ಅವನಿಗೆ 58 ವರ್ಷ. ಮಾತು ಮೃದು, ವಯಸ್ಸು ಹಿರಿದು, ಬಿಡುವಿನಲ್ಲಿ ತನ್ನ ಕೊಠಡಿಗೆ ಬಂದು ಕೂರಬಹುದೆಂಬ ಔದಾರ್ಯ ಬೇರೆ. ಎಳವೆಯಲ್ಲಿ ತನಗಾಗಿದ್ದ ಇನ್ನೊಂದು ಗಾಯದ ವಿಷಯವನ್ನು ಆಕೆ ಅವನಲ್ಲಿ ನಂಬಿ ಹೇಳಿಕೊಂಡಳು. ಅವನು ಆ ಗಾಯವನ್ನೇ ಆಯುಧ ಮಾಡಿಕೊಂಡ.

ಈ ಬಗೆಯ ಮೋಸಕ್ಕೆ ಒಂದು ಕ್ರಮವಿದೆ. ಆಂಗ್ಲರು ಇದನ್ನು 'ಗ್ರೂಮಿಂಗ್' ಎನ್ನುತ್ತಾರೆ. ಗ್ರೇಸ್ ತಮ್ಮ ಭಾಷಣಗಳಲ್ಲಿ ಅದರ ಆರು ಹಂತಗಳನ್ನು ಮತ್ತೆ ಮತ್ತೆ ವಿವರಿಸಿದ್ದಾರೆ. ಮೊದಲು ಒಂಟಿಯಾದ, ನೊಂದ ಮಗುವನ್ನು ಗುರುತಿಸುವುದು. ಬಳಿಕ ನಂಬಿಕೆ ಗಳಿಸುವುದು. ಮಗುವಿಗೆ ಇಲ್ಲದ್ದೇನೋ ಅದನ್ನು ತಾನು ತುಂಬಿಕೊಡುವುದು. ಮನೆಯವರಿಂದ, ಗೆಳತಿಯರಿಂದ ಮೆಲ್ಲಗೆ ದೂರ ಮಾಡುವುದು. ಆಮೇಲೆ ಮಾತನ್ನೂ ಸ್ಪರ್ಶವನ್ನೂ ಕಾಮದ ಕಡೆಗೆ ತಿರುಗಿಸುವುದು. ಕೊನೆಗೆ ಭಯ, ನಾಚಿಕೆ, ಗುಟ್ಟುಗಳಿಂದ ಕಟ್ಟಿಹಾಕುವುದು. ಇವುಗಳಲ್ಲಿ ಮೊದಲ ಮೂರು ಹಂತಗಳು ಹೊರಗಿನವರ ಕಣ್ಣಿಗೆ ಸಜ್ಜನಿಕೆಯಂತೆಯೇ ತೋರುತ್ತವೆ ಎಂಬುದನ್ನು ಹಿರಿಯರು ಗಮನಿಸಬೇಕು. ಇಂಥವನು ಮಗುವಿನ ವಿಶ್ವಾಸಕ್ಕಿಂತ ಮುಂಚೆ ಮಗುವಿನ ಸುತ್ತಲಿನ ದೊಡ್ಡವರ ವಿಶ್ವಾಸವನ್ನು ಸಂಪಾದಿಸಿರುತ್ತಾನೆ. 'ಅಂಥ ಒಳ್ಳೆಯ ಮನುಷ್ಯ ಹೀಗೆ ಮಾಡಿಯಾನೇ?' ಎಂಬ ಪ್ರಶ್ನೆ ಹುಟ್ಟುವ ವೇಳೆಗೆ ಅವನ ಅರ್ಧ ಕೆಲಸ ಮುಗಿದಿರುತ್ತದೆ.

2011ರಲ್ಲಿ ಬಾಲಕಿ ಬಾಯಿಬಿಟ್ಟಳು. ಪೊಲೀಸರು ಬಂದರು, ಅಧ್ಯಾಪಕನ ಅಪರಾಧ ಸಾಬೀತಾಯಿತು. ಅವನು 19 ತಿಂಗಳು ಸೆರೆಮನೆಯಲ್ಲಿದ್ದ. ಆದರೆ ಅವನು ಶಿಕ್ಷೆಗೊಳಗಾದ ಅಪರಾಧಕ್ಕೆ ಆ ರಾಜ್ಯದ ದಂಡಸಂಹಿತೆ ಇಟ್ಟಿದ್ದ ಹೆಸರು ಯಾವುದು? 'ಎಳೆಯ ವ್ಯಕ್ತಿಯೊಂದಿಗೆ ಲೈಂಗಿಕ ಸಂಬಂಧ ಇರಿಸಿಕೊಂಡದ್ದು'. ಸಂಬಂಧ! ಇಬ್ಬರು ಸಮಾನರು ಕೂಡಿ ನಡೆಸಿದ ವ್ಯವಹಾರವೆಂಬಂತೆ. ಲೆಕ್ಕಪತ್ರ ಬಲ್ಲವರಿಗೆ ಈ ಕೇಡು ಬೇಗ ತಿಳಿಯುತ್ತದೆ. ಕಳುವಾದ ಸರಕನ್ನು ಮಾರಾಟದ ಖಾತೆಯಲ್ಲಿ ಬರೆದರೆ ವರ್ಷಾಂತ್ಯಕ್ಕೆ ದಾಸ್ತಾನು ತಾಳೆಯಾದೀತು. ಪುಸ್ತಕ ಮಾತ್ರ ಸುಳ್ಳು. ಪತ್ರಿಕೆಗಳು ಕಾಯಿದೆಯ ಆ ಪದವನ್ನೇ ಎತ್ತಿ ಬರೆದವು, ಓದಿದ ಜನ ಆ ಪದದಲ್ಲೇ ಆಡಿಕೊಂಡರು.

ಇನ್ನೊಂದು ಕಟ್ಟು ಇದಕ್ಕಿಂತ ಬಿಗಿಯಾಗಿತ್ತು. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ಪ್ರಕಟವಾಗಬಾರದೆಂದು ಟ್ಯಾಸ್ಮೇನಿಯಾದ ಸಾಕ್ಷ್ಯ ಕಾಯಿದೆಯ 194ಕೆ ಪ್ರಕರಣ ವಿಧಿಸಿತ್ತು. ಉದ್ದೇಶ ಒಳ್ಳೆಯದು: ನೊಂದವರ ಮಾನ ಕಾಪಾಡುವುದು. ಆದರೆ ನೊಂದವಳು ಪ್ರೌಢಳಾಗಿ, ಸ್ವಂತ ಇಚ್ಛೆಯಿಂದ ಒಪ್ಪಿದರೂ, ನ್ಯಾಯಾಲಯದ ಆದೇಶವಿಲ್ಲದೆ ಆಕೆಯ ಹೆಸರನ್ನು ಅಚ್ಚು ಮಾಡುವಂತಿರಲಿಲ್ಲ. ಅಪರಾಧಿಗೆ ಅಂಥ ತಡೆ ಯಾವುದೂ ಇರಲಿಲ್ಲ. ಅವನು ಬಿಡುಗಡೆಯಾದ ಮೇಲೆ ಸಾಮಾಜಿಕ ಜಾಲತಾಣದಲ್ಲಿ ತನ್ನ ಕೃತ್ಯವನ್ನು ಕೊಚ್ಚಿಕೊಂಡು ಮತ್ತೊಮ್ಮೆ ಜೈಲು ಕಂಡ. 2017ರಲ್ಲಿ ಸಂದರ್ಶನವನ್ನೂ ಕೊಟ್ಟ. ಅವನು ತನ್ನ ಕಡೆಯ ಕಥೆ ಹೇಳುತ್ತಿದ್ದಾಗ ಹೆಸರು ಹೇಳಿ ಉತ್ತರ ಕೊಡುವ ಅವಕಾಶ ಗ್ರೇಸ್ ಅವರಿಗಿರಲಿಲ್ಲ. ರಕ್ಷಣೆಗೆಂದು ಹೊದಿಸಿದ ಹೊದಿಕೆ ಉಸಿರು ಕಟ್ಟಿಸುವುದೂ ಉಂಟು.

ಅಷ್ಟರಲ್ಲಿ ಅವರು ಊರು ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಾ ಸೇರಿದ್ದರು. ಸಾಂತಾ ಬಾರ್ಬರಾದ ಕಾಲೇಜಿನಲ್ಲಿ ರಂಗಕಲೆ ಕಲಿತರು, ಚಿತ್ರ ಬರೆದು ಜೀವನ ಸಾಗಿಸಿದರು, ಯೋಗಾಸನವನ್ನೂ ಕಲಿಸಿದರು. ಆ ವರ್ಷಗಳನ್ನು ಚೇತರಿಕೆಯ ನೇರ ಮೆಟ್ಟಿಲೆಂದು ಭಾವಿಸಬಾರದು. ಮಾದಕ ವಸ್ತುಗಳಿಗೆ ಮೊರೆಹೋದದ್ದನ್ನೂ ತಮ್ಮ ದೇಹವನ್ನು ತಾವೇ ಹಿಂಸಿಸಿಕೊಂಡದ್ದನ್ನೂ ಅವರು ಮುಚ್ಚಿಟ್ಟಿಲ್ಲ. ಊರಿಗೆ ಮರಳಿದ ಮೇಲೆ ದೂರದ ಓಟ ಅವರಿಗೆ ಒಗ್ಗಿತು. 2020ರಲ್ಲಿ ಟ್ಯಾಸ್ಮೇನಿಯಾದ ರಾಸ್ ಎಂಬಲ್ಲಿ ನಡೆದ ಮ್ಯಾರಥಾನ್ ಓಟವನ್ನು ಮೂರು ಗಂಟೆಗಿಂತ ಕಡಿಮೆ ಅವಧಿಯಲ್ಲಿ ಮುಗಿಸಿ ಮಹಿಳೆಯರಲ್ಲಿ ಮೊದಲಿಗರಾದರು. ಒಮ್ಮೆ ಉಣ್ಣಲೊಲ್ಲದೆ ಸೊರಗಿದ್ದ ಶರೀರ 42 ಕಿಲೋಮೀಟರು ಓಡಿತು. ಯಾವ ಔಷಧ, ಯಾವ ಉಪದೇಶ ಈ ಕೆಲಸ ಮಾಡಿತೆಂದು ಬೆರಳಿಟ್ಟು ತೋರಿಸಲಾಗದು. ಕಾಲ, ದುಡಿಮೆ, ನಂಬಿದ ಕೆಲವೇ ಜನ, ಇವೆಲ್ಲ ಸೇರಿರಬೇಕು.

2018ರಲ್ಲಿ ಪತ್ರಕರ್ತೆ ನೀನಾ ಫನಲ್ ಈ ಮೂಕ ಕಾಯಿದೆಯ ವಿರುದ್ಧ 'ಅವಳು ಮಾತನಾಡಲಿ' ಎಂಬ ಅರ್ಥದ ಅಭಿಯಾನ ಆರಂಭಿಸಿದರು. ಅವರೂ ಲೈಂಗಿಕ ದೌರ್ಜನ್ಯದಿಂದ ಪಾರಾದವರೇ. ಗ್ರೇಸ್ ಅವರ ಪರವಾಗಿ ಟ್ಯಾಸ್ಮೇನಿಯಾದ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು; 2019ರಲ್ಲಿ ಅನುಮತಿ ದೊರೆಯಿತು. ಪ್ರತಿಯೊಬ್ಬ ನೊಂದವಳೂ ಹೀಗೆ ವಕೀಲರನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕೇ ಎಂಬ ಪ್ರಶ್ನೆ ಆಮೇಲೆ ಬಲವಾಯಿತು. 2020ರಲ್ಲಿ ಕಾಯಿದೆ ತಿದ್ದುಪಡಿಯಾಗಿ, ಒಪ್ಪಿದ ಪ್ರೌಢರು ತಮ್ಮ ಹೆಸರಿನಲ್ಲೇ ಮಾತನಾಡುವ ಹಾದಿ ತೆರೆಯಿತು. ಅದೇ ವರ್ಷ ಅಪರಾಧದ ತಲೆಬರಹವೂ ಬದಲಾಯಿತು: 'ಸಂಬಂಧ' ಹೋಗಿ 'ಮಗುವಿನ ಮೇಲೆ ನಿರಂತರ ಲೈಂಗಿಕ ದೌರ್ಜನ್ಯ' ಎಂದಾಯಿತು. ಕ್ವೀನ್ಸ್‌ಲ್ಯಾಂಡ್ ರಾಜ್ಯವೂ 2023ರಲ್ಲಿ ತನ್ನ ಸಂಹಿತೆಯಿಂದ ಆ 'ಸಂಬಂಧ'ವನ್ನು ತೆಗೆದುಹಾಕಿತು. ಒಂದು ಪದದ ತಿದ್ದುಪಡಿ ಇದೆಂದು ಹಗುರವಾಗಿ ಕಾಣುವವರು, ಅದೇ ಪದವನ್ನು ತಮ್ಮ ಮಗಳ ಹೆಸರಿನ ಪಕ್ಕದಲ್ಲಿಟ್ಟು ಓದಿ ನೋಡಬಹುದು.

ಗೌರವದ ವರ್ಷ ಮುಗಿಯುವ ವೇಳೆಗೆ, 2022ರ ಜನವರಿಯಲ್ಲಿ, ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಅವರ ಪಕ್ಕದಲ್ಲಿ ನಿಂತ ಗ್ರೇಸ್ ಛಾಯಾಚಿತ್ರಕ್ಕೆ ನಗಲಿಲ್ಲ. ದೇಶವೆಲ್ಲ ಅದನ್ನೇ ಚರ್ಚಿಸಿತು. ಸೌಜನ್ಯವಿಲ್ಲ, ಕೃತಜ್ಞತೆಯಿಲ್ಲ ಎಂದರು ಕೆಲವರು. ನೊಂದವರು ಅಳಬೇಕು, ಇಲ್ಲವೇ ಎಲ್ಲರನ್ನೂ ಕ್ಷಮಿಸಿ ಮುಗುಳ್ನಗಬೇಕು. ನೇರವಾಗಿ ನೋಡಿದರೆ ಮಾತ್ರ ಸಹಿಸದು. ಇದು ಆಸ್ಟ್ರೇಲಿಯಾದ ಜನರ ಸ್ವಭಾವ ಮಾತ್ರವೇ?

ನಮ್ಮ ದೇಶದ ಕಾಯಿದೆ ಹೆಸರಿನ ವಿಷಯದಲ್ಲಿ ಟ್ಯಾಸ್ಮೇನಿಯಾದಷ್ಟು ಬಿಗಿಯಾಗಿಲ್ಲ. ಅತ್ಯಾಚಾರಕ್ಕೀಡಾದವರ ಗುರುತನ್ನು ಪ್ರಕಟಿಸುವುದು ಇಲ್ಲಿಯೂ ಅಪರಾಧ. ಹಿಂದಿನ ದಂಡಸಂಹಿತೆಯ 228ಎ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಪ್ರಕರಣ. ಆದರೆ ಪ್ರೌಢಳಾದ ಸಂತ್ರಸ್ತೆಯ ಲಿಖಿತ ಒಪ್ಪಿಗೆಗೆ ಅಲ್ಲಿ ಅವಕಾಶವಿದೆ. ಇಲ್ಲಿ ಬಾಯಿ ಕಟ್ಟುವುದು ಕಾಯಿದೆಗಿಂತ ಹೆಚ್ಚಾಗಿ ಮನೆ. 'ಹತ್ತು ಜನರ ಬಾಯಿಗೆ ಬೀಳುವುದು ಬೇಡ', 'ನಾಳೆ ಮದುವೆಯಾಗಬೇಕಾದ ಹುಡುಗಿ', 'ಅವರು ನಮ್ಮವರೇ ಅಲ್ಲವೇ', ಇಷ್ಟೇ ಸಾಕು. ಗಂಡುಮಗುವಾದರೆ ಅದೂ ಬೇಕಾಗಿಲ್ಲ, ನಂಬುವವರೇ ಇಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದುದಾಗಿ ತಿಳಿಸಿದರು. ಅದರ ಬಳಿಕ ಬಂದದ್ದು ಪೋಕ್ಸೋ ಕಾಯಿದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಇದು ಹೆಣ್ಣು ಗಂಡೆಂಬ ಭೇದವಿಲ್ಲದೆ 18 ತುಂಬದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ.

ಎಷ್ಟೋ ವರ್ಷಗಳ ಬಳಿಕ ಬಾಯಿಬಿಟ್ಟರೆ ಫಲವುಂಟೇ ಎಂಬ ಪ್ರಶ್ನೆಯನ್ನು ಎತ್ತಿದವರು ಕೆನಡಾದಲ್ಲಿ ನೆಲೆಸಿದ ವಿಜ್ಞಾನಿ ಪೂರ್ಣಿಮಾ ಗೋವಿಂದರಾಜುಲು. ಬಾಲ್ಯದಲ್ಲಿ ತಮಗಾದ ದೌರ್ಜನ್ಯದ ಬಗ್ಗೆ ದಶಕಗಳ ನಂತರ ಚೆನ್ನೈಯಲ್ಲಿ ದೂರು ಕೊಡಲು ಹೋದಾಗ ಕಾಲ ಮೀರಿತೆಂಬ ಉತ್ತರ ಬಂತು. ಅವರು ಅಲ್ಲಿಗೇ ನಿಲ್ಲದೆ ಅಭಿಯಾನ ನಡೆಸಿದರು. ಪೋಕ್ಸೋ ಅಡಿಯ ದೂರಿಗೆ ಕಾಲಮಿತಿ ಇಲ್ಲವೆಂದು ಕೇಂದ್ರ ಕಾನೂನು ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು.

ಶಾಲೆ, ಪಾಠಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಟ್ರಸ್ಟುಗಳು ಈ ಕಾಯಿದೆಯ 19 ಮತ್ತು 21ನೆಯ ಪ್ರಕರಣಗಳನ್ನು ಸಭೆಯಲ್ಲಿ ಓದಿಸುವುದು ಒಳ್ಳೆಯದು. ಇಂಥ ಸಂಗತಿ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮರೆಮಾಚಿದರೆ ಅದು ಒಂದು ವರ್ಷದವರೆಗೆ ಏರುತ್ತದೆ. ನಾಲ್ವರು ಹಿರಿಯರನ್ನು ಕೂರಿಸಿ ಒಳಗೊಳಗೇ ವಿಚಾರಿಸಿ, ನೌಕರನಿಂದ ರಾಜೀನಾಮೆ ಬರೆಸಿಕೊಂಡು ಇನ್ನೊಂದು ಊರಿಗೆ ಸಾಗಹಾಕುವುದು ಈ ಕರ್ತವ್ಯಕ್ಕೆ ಬದಲಾಗದು. ಆ ಇನ್ನೊಂದು ಊರಿನಲ್ಲಿಯೂ ಮಕ್ಕಳಿದ್ದಾರೆ. ದೂರು ಸಂಶಯವಷ್ಟೇ ಆಗಿದ್ದರೆ ಎಂದು ಹಿಂಜರಿಯುವವರಿಗೂ ಕಾಯಿದೆಯಲ್ಲಿ ಉತ್ತರವಿದೆ: ಸದ್ಭಾವದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ, ಮಗು ಹೇಳಿದ್ದು ಸುಳ್ಳೆಂದು ಕಂಡುಬಂದರೂ ಮಗುವಿಗೆ ಶಿಕ್ಷೆಯಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098; ಮಕ್ಕಳು ತಾವಾಗಿಯೇ ಕರೆಯಬಹುದು.